ಸೂರ್ಯನ ಅಂಗಳ ದಾಟದ ನೌಕೆ ನಕ್ಷತ್ರಗಳ ನಡುವಿನ ಜಲಜನಕದ ನಕ್ಷೆ ಬರೆದದ್ದು ಹೇಗೆ?

ಕಪ್ಪುಹಲಗೆ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನಮ್ಮ ಪ್ರೌಢಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನವಿದೆ. ಹತ್ತನೆಯ ತರಗತಿಯ ಮೂವರು ಹುಡುಗಿಯರು ನಾಸಾದ ನ್ಯೂ ಹೊರೈಜನ್ಸ್ ನೌಕೆಯ ಲೈಮನ್ ಆಲ್ಫಾ (ಜಲಜನಕ ಸೂಸುವ ನೇರಳಾತೀತ ಬೆಳಕು) ನಕ್ಷೆಯನ್ನು ದೊಡ್ಡ ಭಿತ್ತಿಪತ್ರವಾಗಿ ಬರೆಯುತ್ತಿದ್ದಾರೆ. ಒಂದು ಪತ್ರಿಕೆಯ ತುಣುಕನ್ನು ನೋಡಿಕೊಂಡು ಅದಕ್ಕೆ "ನಕ್ಷತ್ರಗಳ ನಡುವಿನ ಅವಕಾಶದಿಂದ ತೆಗೆದ ಜಲಜನಕದ ಚಿತ್ರ" ಎಂದು ಶೀರ್ಷಿಕೆ ಕೊಟ್ಟರು. ಮೂವರಲ್ಲಿ ಒಬ್ಬಳು ಅಲ್ಲಿಗೇ ತಡೆದಳು. ಸೂರ್ಯನ ಪ್ರಭಾವದ ವಲಯವನ್ನು ದಾಟಿ ಹೋಗಿರುವುದು ಎರಡು ವಾಯೇಜರ್ ನೌಕೆಗಳು ಮಾತ್ರ ಎಂದು ನೀವೇ ಪಾಠ ಮಾಡಿದ್ದೀರಿ, ಹಾಗಿದ್ದ ಮೇಲೆ ಒಳಗೇ ಇರುವ ನೌಕೆ ಹೊರಗಿನ ನಕ್ಷೆ ಬರೆಯುವುದು ಹೇಗೆ ಎಂಬುದು ಅವಳ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು ಬಂತು: ಸೌರಮಂಡಲದಲ್ಲಿ ಎಲ್ಲೆಲ್ಲೂ ಜಲಜನಕವಿದ್ದು ಸೂರ್ಯನೇ ಅದನ್ನು ಬೆಳಗುತ್ತಿರುವಾಗ, ಕಂಡ ಬೆಳಕು ಸೂರ್ಯನದೋ ಹೊರಗಿನದೋ ಎಂದು ಬೇರ್ಪಡಿಸಿದವರು ಯಾರು?

"ನಾಳೆ ಹೇಳುತ್ತೇನೆ" ಎಂದು ಬಂದೆ. ಮೂರು ದಿನವಾಯಿತು. ಇಲ್ಲಿ ಬಲ್ಲವರಿದ್ದೀರಿ ಎಂದು ಬರೆಯುತ್ತಿದ್ದೇನೆ.

ಅರ್ಧ ಪಿಎಚ್‌ಡಿ, ಬಳ್ಳಾರಿ

ನಿಮ್ಮ ವಿದ್ಯಾರ್ಥಿನಿಯ ಅನುಮಾನ ನ್ಯಾಯವಾದದ್ದು. ಸೌರಮಾರುತ, ಅಂದರೆ ಸೂರ್ಯನಿಂದ ಬೀಸುವ ಕಣಗಳ ಹರಿವು, ತನ್ನ ಬಲ ಕಳೆದುಕೊಂಡು ಹೊರಗಿನ ಅನಿಲಕ್ಕೆ ಎಡೆಗೊಡುವ ಗಡಿಯನ್ನು ವಾಯೇಜರ್ 1 ದಾಟಿದ್ದು 2012ರ ಆಗಸ್ಟ್‌ನಲ್ಲಿ, ವಾಯೇಜರ್ 2 ದಾಟಿದ್ದು 2018ರ ನವೆಂಬರ್‌ನಲ್ಲಿ. ಎರಡೂ ಆಗ ಸೂರ್ಯನಿಂದ ಸುಮಾರು 120 ಖಗೋಳಮಾನ ದೂರದಲ್ಲಿದ್ದವು. ಒಂದು ಖಗೋಳಮಾನವೆಂದರೆ ನಮಗೂ ಸೂರ್ಯನಿಗೂ ನಡುವಿನ ಸುಮಾರು 15 ಕೋಟಿ ಕಿಲೋಮೀಟರ್. ನ್ಯೂ ಹೊರೈಜನ್ಸ್ ಈ ನಕ್ಷೆಗಾಗಿ ಆಕಾಶವನ್ನು ಗುಡಿಸಿದ್ದು 2023ರ ಸೆಪ್ಟೆಂಬರ್‌ನಲ್ಲಿ, 56.9 ಖಗೋಳಮಾನ ದೂರದಿಂದ. ಅಂದರೆ ಗಡಿಗೆ ಅರ್ಧ ದಾರಿಯನ್ನೂ ಅದು ಸವೆಸಿರಲಿಲ್ಲ. ಆದುದರಿಂದ ಶೀರ್ಷಿಕೆಯಲ್ಲಿರುವ "ಅವಕಾಶದಿಂದ" ಎಂಬ ಪದದ ವಿಭಕ್ತಿ ತಪ್ಪು. "ಅವಕಾಶದ" ಎಂದರೆ ಸರಿ.

ಒಳಗಿದ್ದುಕೊಂಡು ಹೊರಗಿನದನ್ನು ನೋಡುವುದರಲ್ಲಿ ಅಚ್ಚರಿಯೇನಿಲ್ಲ. ನಾವು ಅಂಗಳದಲ್ಲಿ ನಿಂತೇ ನಕ್ಷತ್ರ ನೋಡುತ್ತೇವೆ. ತೊಡಕಿರುವುದು ಅವಳ ಎರಡನೆಯ ಪ್ರಶ್ನೆಯಲ್ಲಿ.

ಸುಮ್ಮನೆ ಓದುವವ, ಮಾನ್ವಿ

ಒಂದು ವಿಭಕ್ತಿ ಪ್ರತ್ಯಯದಲ್ಲಿ ಅರುವತ್ತು ಖಗೋಳಮಾನದ ವ್ಯತ್ಯಾಸ! ವ್ಯಾಕರಣ ಬೇಡವೆನ್ನುವವರು ಇದನ್ನು ಓದಬೇಕು.

ಸಂಡೂರಿನ ಸವಾರ

ನಾನು ವಿಜ್ಞಾನದವನಲ್ಲ, ಲಾರಿ ಓಡಿಸುವವರ ಲೆಕ್ಕ ಬರೆಯುವವನು. ಎರಡನೆಯ ಪ್ರಶ್ನೆಗೆ ನನಗೆ ತೋಚುವುದು ಇದು. ನಮ್ಮ ಅದಿರಿನ ರಸ್ತೆಯಲ್ಲಿ ರಾತ್ರಿ ಮುಂದಿನ ಲಾರಿ ಹೋದ ಮೇಲೆ ಕೆಂಪು ಧೂಳು ಗಾಳಿಯಲ್ಲಿಯೇ ನಿಲ್ಲುತ್ತದೆ. ಆಗ ನಮ್ಮ ಬೈಕಿನ ದೀಪ ಹಾಕಿದರೆ ಧೂಳೇ ಹೊಳೆದು ಎದುರಿಗೆ ಗೋಡೆ ಕಟ್ಟಿದಂತಾಗುತ್ತದೆ, ಅದರ ಆಚೆ ಊರಿನ ದೀಪಗಳಿವೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬೈಕ್ ನಿಲ್ಲಿಸಿ, ದೀಪ ಉರಿಯಲು ಬಿಟ್ಟು, ಧೂಳಿನಲ್ಲಿಯೇ ದೂರಕ್ಕೆ ನಡೆದುಹೋದರೆ ಹೊಳಪು ಇಳಿಯುತ್ತದೆ, ಊರಿನ ಮಂದ ಬೆಳಕು ಮಾತ್ರ ಇದ್ದಷ್ಟೇ ಇರುತ್ತದೆ. ಆ ನೌಕೆ ಮಾಡಿದ್ದೂ ಇದನ್ನೇ ಅಲ್ಲವೇ?

ಅರ್ಧ ಪಿಎಚ್‌ಡಿ, ಬಳ್ಳಾರಿ

ಇದನ್ನೇ. ಹೋಲಿಕೆಗೆ ಲೆಕ್ಕವನ್ನೂ ಕೊಡುತ್ತೇನೆ. ಸೂರ್ಯನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ತೆಳುವಾಗುತ್ತದೆ. ನೌಕೆ ಸೂರ್ಯನಿಗೆ ಬೆನ್ನು ಮಾಡಿ ಹೊರಗೆ ನೋಡಿದಾಗ ಆ ದಿಕ್ಕಿನಲ್ಲಿರುವ ಅನಿಲದ ಹೊಳಪನ್ನೆಲ್ಲ ಕೂಡಿಸಿದರೆ, ಅನಿಲ ಸರಿಸುಮಾರು ಸಮನಾಗಿ ಹರಡಿದೆ ಎಂದುಕೊಂಡಾಗ, ಮೊತ್ತ ದೂರಕ್ಕೆ ವಿಲೋಮವಾಗಿ ಇಳಿಯಬೇಕು. ಎರಡು ಪಟ್ಟು ದೂರ ಹೋದರೆ ಅರ್ಧ, ನಾಲ್ಕು ಪಟ್ಟು ಹೋದರೆ ಕಾಲು. 2006ರ ಜನವರಿಯಲ್ಲಿ ಹೊರಟ ನೌಕೆ, 2015ರ ಜುಲೈಯಲ್ಲಿ ಪ್ಲೂಟೊವನ್ನು ದಾಟುವ ಮೊದಲೂ ದಾಟಿದ ಮೇಲೂ ಈ ಹೊಳಪನ್ನು ಅಳೆಯುತ್ತಲೇ ಹೋಯಿತು. ಬಿಂದುಗಳು ಆ ಗೆರೆಯ ಮೇಲೆಯೇ ಬಿದ್ದವು, ಆದರೆ ಗೆರೆ ಸೊನ್ನೆಯ ಕಡೆಗೆ ಹೋಗಲಿಲ್ಲ. ಸೂರ್ಯನ ಪಾಲನ್ನು ಕಳೆದ ಮೇಲೂ ಸುಮಾರು 40 ರೇಲೀ ಹೊಳಪು ಉಳಿಯುತ್ತದೆ ಎಂದು 2018ರಲ್ಲಿ ವಿಜ್ಞಾನಿ ರ‍್ಯಾಂಡಿ ಗ್ಲ್ಯಾಡ್‌ಸ್ಟನ್ ಮತ್ತು ಸಂಗಡಿಗರು ಪ್ರಕಟಿಸಿದರು. ದೂರ ಹೋದರೂ ಇಳಿಯದೆ ಉಳಿದದ್ದು ಸೂರ್ಯನದಲ್ಲ, ಅಥವಾ ಕನಿಷ್ಠ ಹತ್ತಿರದ್ದಲ್ಲ.

ನಿವೃತ್ತ ಮೇಷ್ಟ್ರು, ಲಿಂಗಸುಗೂರು

ಸಂಡೂರಿನವರ ಧೂಳು ಸೊಗಸಾಗಿದೆ, ಆದರೆ ಅದರಲ್ಲಿ ಒಂದು ದೋಷವಿದೆ. ಧೂಳು ಎಲ್ಲ ಬಣ್ಣವನ್ನೂ ಚದರಿಸುತ್ತದೆ. ಜಲಜನಕದ ಪರಮಾಣು ಹಾಗಲ್ಲ, ಅದು ಬಲು ಮಡಿವಂತ. ತನ್ನ ಶ್ರುತಿಗೆ ಸರಿಯಾಗಿ ಕೂಡುವ ಬೆಳಕನ್ನು ಮಾತ್ರ ಮುಟ್ಟುತ್ತದೆ. ಎರಡು ತಂಬೂರಿಗಳನ್ನು ಒಂದೇ ಶ್ರುತಿಗೆ ಕೂಡಿಸಿ ಒಂದನ್ನು ಮೀಟಿದರೆ ಮೀಟದ ತಂತಿಯೂ ಮಿಡಿಯುತ್ತದೆ, ಶ್ರುತಿ ಕೊಂಚ ತಪ್ಪಿದರೆ ಸುಮ್ಮನಿರುತ್ತದೆ. ಪರಮಾಣುವಿನ ಎಲೆಕ್ಟ್ರಾನ್ ಎರಡನೆಯ ಮೆಟ್ಟಿಲಿನಿಂದ ಮೊದಲನೆಯದಕ್ಕೆ ಇಳಿದಾಗ 10.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಫೋಟಾನ್, ಅಂದರೆ ಬೆಳಕಿನ ಕಣ, ಹೊರಬೀಳುತ್ತದೆ, ಅದರ ತರಂಗಾಂತರ 121.6 ನ್ಯಾನೊಮೀಟರ್. ಅದೇ ಫೋಟಾನ್ ಇನ್ನೊಂದು ಜಲಜನಕಕ್ಕೆ ತಗುಲಿದರೆ ಅಲ್ಲಿಯ ಎಲೆಕ್ಟ್ರಾನ್ ಮೇಲೆ ಹತ್ತಿ, ಕ್ಷಣಾರ್ಧದಲ್ಲಿ ಇಳಿದು, ಫೋಟಾನನ್ನು ಮತ್ತೊಂದು ದಿಕ್ಕಿಗೆ ಬಿಡುತ್ತದೆ. ಇದಕ್ಕೆ ಅನುರಣನ ಚದುರಿಕೆ ಎನ್ನುತ್ತಾರೆ.

ಥಿಯೊಡೋರ್ ಲೈಮನ್ ಈ ರೇಖೆಯನ್ನು ಗುರುತಿಸಿದ್ದು 1906ರಲ್ಲಿ. ಗಾಳಿಯ ಆಮ್ಲಜನಕ ಈ ಬೆಳಕನ್ನು ನುಂಗುವುದರಿಂದ ಅವರು ಉಪಕರಣವನ್ನೇ ನಿರ್ವಾತದಲ್ಲಿಡಬೇಕಾಯಿತು, ಸಾಮಾನ್ಯ ಗಾಜು ಇದಕ್ಕೆ ಇಟ್ಟಿಗೆಯಷ್ಟೇ ಅಪಾರದರ್ಶಕವಾದ್ದರಿಂದ ಫ್ಲೋರೈಟ್ ಹರಳನ್ನು ಬಳಸಬೇಕಾಯಿತು. ನಲವತ್ತು ವರ್ಷ ನಾನು ಬಾಮರ್ ಶ್ರೇಣಿಯನ್ನೇ ಹಲಗೆಯ ಮೇಲೆ ಬರೆದೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಲೈಮನ್ ಶ್ರೇಣಿಗೆ ಒಂದೇ ಸಾಲು ಕೊಟ್ಟು ಮುಂದೆ ಹೋಗುತ್ತಿದ್ದೆ. ಈಗ ಪಶ್ಚಾತ್ತಾಪವಾಗುತ್ತಿದೆ.

ಭತ್ತದ ಗದ್ದೆ, ಗಂಗಾವತಿ

ಮೇಷ್ಟ್ರೆ, ನಿಮ್ಮ ತಂಬೂರಿಯಲ್ಲಿಯೂ ದೋಷವಿದೆ. ನೀವು ಹೇಳುವ ಅನಿಲ ನಿಂತಿಲ್ಲ, ಓಡುತ್ತಿದೆ. ನಕ್ಷತ್ರಗಳ ನಡುವಿನ ಜಲಜನಕ ಸೆಕೆಂಡಿಗೆ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಸೌರಮಂಡಲದೊಳಗೆ ಬೀಸುತ್ತದೆ ಎಂದು ಓದಿದ್ದೇನೆ. ಎದುರಿನಿಂದ ಬರುವ ರೈಲಿನ ಸಿಳ್ಳೆಯ ಸ್ವರ ಬದಲಾಗುವಂತೆ ಶ್ರುತಿ ತಪ್ಪಬೇಕಲ್ಲವೇ? ತಪ್ಪಿದರೆ ಮಿಡಿಯಬಾರದು, ಮಿಡಿಯದಿದ್ದರೆ ಹೊಳೆಯಬಾರದು.

ನಿವೃತ್ತ ಮೇಷ್ಟ್ರು, ಲಿಂಗಸುಗೂರು

ತಪ್ಪುತ್ತದೆ, ಆದರೆ ಮಿಡಿತ ನಿಲ್ಲಿಸುವಷ್ಟಲ್ಲ. ಸೂರ್ಯನ ಲೈಮನ್ ಆಲ್ಫಾ ರೇಖೆ ಸೂಜಿಯ ಮೊನೆಯಲ್ಲ, ಅಗಲವಾದ ಪಟ್ಟಿ. ಅದರ ಅಗಲ ಒಂದು ನ್ಯಾನೊಮೀಟರಿನ ಹತ್ತನೆಯ ಒಂದು ಭಾಗದಷ್ಟು, ವೇಗಕ್ಕೆ ಪರಿವರ್ತಿಸಿದರೆ ಸೆಕೆಂಡಿಗೆ ಇನ್ನೂರು ಕಿಲೋಮೀಟರನ್ನು ಮೀರುತ್ತದೆ. ಇಪ್ಪತ್ತೆರಡು ಕಿಲೋಮೀಟರಿನ ಪಲ್ಲಟ ಅದರೊಳಗೇ ಮುಳುಗಿಹೋಗುತ್ತದೆ. ಆದರೂ ಪ್ರಶ್ನೆ ಒಳ್ಳೆಯದು. ತರಗತಿಯಲ್ಲಿ ಹೀಗೆ ಅಡ್ಡ ಬಾಯಿ ಹಾಕುವವರನ್ನು ಹೊರಗೆ ಕಳಿಸುತ್ತಿದ್ದ ನಾನು ಈಗ ಕ್ಷಮೆ ಕೇಳಬೇಕೇನೋ.

ಗುಡ್ಡದ ಕೆಳಗಿನವ, ಬಳ್ಳಾರಿ

ಅಷ್ಟು ದೂರಕ್ಕೆ ಹೋಗುವ ಪ್ರಮೇಯವೇನು? ನಮ್ಮ ಭೂಮಿಯ ಸುತ್ತ ಎಷ್ಟೊಂದು ದೂರದರ್ಶಕಗಳಿವೆ. ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿಯೂ ನೇರಳಾತೀತ ದೂರದರ್ಶಕವಿದೆ, ಅದೂ ಬೆಂಗಳೂರಿನಲ್ಲಿ ತಯಾರಾದದ್ದು. ಅದರಿಂದಲೇ ನೋಡಬಹುದಿತ್ತು.

ಬೆಳಕಿಂಡಿ, ರಾಯಚೂರು

ಸಾಧ್ಯವಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಹಾರಿದ ಆಸ್ಟ್ರೋಸ್ಯಾಟ್ ನೆಲದಿಂದ ಸುಮಾರು 650 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಭೂಮಿಗೆ ತನ್ನದೇ ಜಲಜನಕದ ಮುಸುಕಿದೆ, ಅದು ಚಂದ್ರನ ಕಕ್ಷೆಯಾಚೆಗೂ ತೆಳ್ಳಗೆ ಚಾಚಿಕೊಂಡಿದೆ, ಸೂರ್ಯನ ಬೆಳಕಿನಲ್ಲಿ ಸಾವಿರಾರು ರೇಲೀ ಪ್ರಮಾಣದಲ್ಲಿ ಹೊಳೆಯುತ್ತದೆ. 1972ರಲ್ಲಿ ಅಪೋಲೊ 16ರವರು ಜಾರ್ಜ್ ಕ್ಯಾರದರ್ಸ್ ರೂಪಿಸಿದ ಕ್ಯಾಮೆರಾವನ್ನು ಚಂದ್ರನ ಮೇಲಿಟ್ಟು ಈ ಮುಸುಕಿನ ಚಿತ್ರ ತೆಗೆದಿದ್ದರು. ಆಸ್ಟ್ರೋಸ್ಯಾಟಿನ ಉಪಕರಣ ತನ್ನ ಕಿಟಕಿಯನ್ನು 130 ನ್ಯಾನೊಮೀಟರಿನಿಂದ ಮೇಲಕ್ಕೆ ಮಾತ್ರ ತೆರೆದುಕೊಂಡಿದೆ. ಬೆಳದಿಂಗಳಲ್ಲಿ ಮಿಣುಕುಹುಳು ಹುಡುಕುವ ಕೆಲಸ ಬೇಡವೆಂದು.

ನಮ್ಮವರು ಈ ರೇಖೆಯನ್ನು ಮುಟ್ಟಿಯೇ ಇಲ್ಲವೆಂದು ಭಾವಿಸಬೇಡಿ. 2013ರ ನವೆಂಬರ್‌ನಲ್ಲಿ ಹೊರಟ ಮಂಗಳಯಾನದಲ್ಲಿ ಲೈಮನ್ ಆಲ್ಫಾ ಫೋಟೊಮೀಟರ್ ಎಂಬ ಪುಟ್ಟ ಉಪಕರಣವಿತ್ತು. ಜಲಜನಕ ಮತ್ತು ಡ್ಯೂಟೀರಿಯಂ (ಭಾರ ಜಲಜನಕ) ತುಂಬಿದ ಎರಡು ಕೋಶಗಳಿಂದ ಮಂಗಳನ ವಾತಾವರಣದಲ್ಲಿ ಇವೆರಡರ ಪ್ರಮಾಣವನ್ನು ಅಳೆಯುವುದು ಅದರ ಉದ್ದೇಶವಾಗಿತ್ತು. ಅಲ್ಲದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜಯಂತ್ ಮೂರ್ತಿಯವರು ವಾಯೇಜರ್ ಮತ್ತು ನ್ಯೂ ಹೊರೈಜನ್ಸ್ ಕಳಿಸಿದ ನೇರಳಾತೀತ ಮಾಹಿತಿಯಿಂದಲೇ ಆಕಾಶದ ಹಿನ್ನೆಲೆ ಬೆಳಕನ್ನು ಅಧ್ಯಯನ ಮಾಡಿದವರು.

ಗುಡ್ಡದ ಕೆಳಗಿನವ, ಬಳ್ಳಾರಿ

ಒಪ್ಪಿದೆ. ಆದರೆ ಈ ರೇಲೀ ರೇಲೀ ಎನ್ನುತ್ತಿರುವಿರಲ್ಲ, ಅದನ್ನು ಯಾರಾದರೂ ಬಿಡಿಸಿ ಹೇಳುವಿರಾ? ಲಾರ್ಡ್ ರೇಲೀ ಎಂದರೆ ಆಕಾಶ ನೀಲಿ ಏಕೆ ಎಂದು ಹೇಳಿದವರಲ್ಲವೇ?

ಅರ್ಧ ಪಿಎಚ್‌ಡಿ, ಬಳ್ಳಾರಿ

ಅವರಲ್ಲ, ಅವರ ಮಗ. ತಂದೆ ಹಗಲಿನ ಆಕಾಶದ ನೀಲಿಯನ್ನು ಬಿಡಿಸಿದರು, ಮಗ ರಾತ್ರಿಯ ಆಕಾಶದ ಮಂದ ಹೊಳಪನ್ನು ಅಳೆದರು. ಮಾನಕ್ಕೆ ಮಗನ ಹೆಸರು ಬಂತು. ನೋಟದ ಗೆರೆಯುದ್ದಕ್ಕೂ ಒಂದು ಚದರ ಸೆಂಟಿಮೀಟರ್ ಅಗಲದ ಕಂಬ ನಿಲ್ಲಿಸಿದರೆ ಅದರಿಂದ ಎಲ್ಲ ದಿಕ್ಕಿಗೂ ಸೆಕೆಂಡಿಗೆ ಹತ್ತು ಲಕ್ಷ ಫೋಟಾನ್ ಹೊರಬಿದ್ದರೆ ಅದು ಒಂದು ರೇಲೀ.

ಈಗ ಒಂದು ಕಚ್ಚಾ ಲೆಕ್ಕ ಮಾಡಿ ನೋಡಿ. ಭೂಮಿಯ ದೂರದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸೂರ್ಯನಿಂದ ಬೀಳುವ ಲೈಮನ್ ಆಲ್ಫಾ ಫೋಟಾನುಗಳು ಸರಿಸುಮಾರು 40ರಿಂದ 60 ಸಾವಿರ ಕೋಟಿ, ಸೂರ್ಯಕಲೆಗಳ ಚಕ್ರಕ್ಕೆ ತಕ್ಕಂತೆ ಏರಿಳಿಯುತ್ತವೆ. 57 ಖಗೋಳಮಾನ ದೂರದಲ್ಲಿ ಇದನ್ನು 57ರ ವರ್ಗದಿಂದ ಭಾಗಿಸಿದರೆ 12ರಿಂದ 18 ಕೋಟಿ. ಅಲ್ಲಿ ಆಕಾಶವೆಲ್ಲ 50 ರೇಲೀ ಹೊಳೆಯುತ್ತಿದ್ದರೆ ಒಂದು ಚದರ ಸೆಂಟಿಮೀಟರಿನ ಒಂದು ಮುಖಕ್ಕೆ ಬೀಳುವುದು ಸುಮಾರು ಒಂದೂಕಾಲು ಕೋಟಿ. ಸೂರ್ಯನಿಂದ ನೇರವಾಗಿ ಬರುವ ಲೈಮನ್ ಆಲ್ಫಾದ ಹತ್ತು ಹದಿನೈದರಲ್ಲಿ ಒಂದು ಪಾಲು ಬೆಳಕನ್ನು ಅಲ್ಲಿ ಬರಿಯ ಆಕಾಶವೇ ಕೊಡುತ್ತದೆ ಎಂದಾಯಿತು. ಈ ಲೆಕ್ಕ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಭತ್ತದ ಗದ್ದೆ, ಗಂಗಾವತಿ

ನಿದ್ದೆ ಬರಲಿ, ಬಿಡಲಿ, ನನಗೆ ಒಂದು ಆಕ್ಷೇಪವಿದೆ. 2023ರ ನಕ್ಷೆಯಿಂದ ಬಂದ ಫಲಿತಾಂಶ 50 ರೇಲೀ, ಹೆಚ್ಚು ಕಡಿಮೆ 20. ಅಂದರೆ 30 ಇರಬಹುದು, 70 ಇರಬಹುದು. ನಮ್ಮ ಮಂಡಿಯಲ್ಲಿ ಚೀಲದ ತೂಕ ಐವತ್ತು ಕಿಲೋ, ಇಪ್ಪತ್ತು ಆಚೀಚೆ ಎಂದರೆ ದಲ್ಲಾಳಿಯನ್ನು ಅಲ್ಲಿಂದ ಓಡಿಸುತ್ತಾರೆ. ಇದಕ್ಕೆ ನಕ್ಷೆ ಎಂದು ಹೆಸರು ಬೇರೆ.

ಬೆಳಕಿಂಡಿ, ರಾಯಚೂರು

ಚೀಲ ಐವತ್ತು ಕಿಲೋ ತೂಗುತ್ತದೆ ಎಂದು ನಿಮಗೆ ಮೊದಲೇ ಗೊತ್ತಿರುವುದರಿಂದ ಇಪ್ಪತ್ತು ಕಿಲೋ ದೊಡ್ಡದಾಗಿ ಕಾಣುತ್ತದೆ. ಇಲ್ಲಿ ಮೊದಲು ಏನು ಗೊತ್ತಿತ್ತು ನೋಡಿ. ವಾಯೇಜರ್ ನೌಕೆಗಳ 1993ರಿಂದ 2003ರವರೆಗಿನ ಮಾಹಿತಿಯಿಂದ ಆಕಾಶಗಂಗೆಯ ಲೈಮನ್ ಆಲ್ಫಾವನ್ನು ಮೊದಲ ಬಾರಿಗೆ ಹೆಕ್ಕಿದ ಫ್ರೆಂಚ್ ವಿಜ್ಞಾನಿ ರೋಸಿನ್ ಲಾಲ್ಮಾಂ ಮತ್ತು ಸಂಗಡಿಗರು 2011ರಲ್ಲಿ ಹೇಳಿದ್ದು ಮೂರು ನಾಲ್ಕು ರೇಲೀ ಎಂದು, ಅದೂ ಆಕಾಶಗಂಗೆಯ ಪಟ್ಟಿಯ ಆಸುಪಾಸಿನಲ್ಲಿ. ಮೂರು ಕಿಲೋ ಇದ್ದೀತು ಎಂದು ಎತ್ತಲು ಹೋದ ಚೀಲ ಕನಿಷ್ಠ ಮೂವತ್ತು ಕಿಲೋ ತೂಗಿದರೆ, ನೀವು ಮೊದಲು ಕೇಳುವುದು "ಇದರೊಳಗೆ ಏನಿದೆ?" ಎಂದು, ತಕ್ಕಡಿಯ ಮುಳ್ಳಿನ ಬಗ್ಗೆ ಆಮೇಲೆ.

ತಕ್ಕಡಿಯ ಬಗ್ಗೆಯೂ ಗ್ಲ್ಯಾಡ್‌ಸ್ಟನ್ ತಂಡದವರು ಎಚ್ಚರ ವಹಿಸಿದ್ದಾರೆ. ವಾಯೇಜರಿನ ಹಳೆಯ ಅಳತೆಗಳನ್ನು ನ್ಯೂ ಹೊರೈಜನ್ಸ್ ಅಳತೆಗಳೊಡನೆ ಹೊಂದಿಸಲು 2.4ರಿಂದ ಭಾಗಿಸಬೇಕಾಯಿತು ಎಂದು 2018ರ ಪ್ರಬಂಧದಲ್ಲಿಯೇ ಒಪ್ಪಿಕೊಂಡಿದ್ದಾರೆ.

ಭತ್ತದ ಗದ್ದೆ, ಗಂಗಾವತಿ

ಎರಡೂವರೆ ಪಟ್ಟು ತಪ್ಪು ತೂಗಿದ ತಕ್ಕಡಿಯ ವಿಷಯ ನನ್ನ ಪಕ್ಷಕ್ಕೆ ಸಾಕ್ಷಿಯಾಯಿತೇ ಹೊರತು ನಿಮ್ಮದಕ್ಕಲ್ಲ. ಆದರೂ ಮೂರು ಮತ್ತು ಮೂವತ್ತರ ಮಾತು ಮನಸ್ಸಿಗೆ ಬಂತು. ಮುಂದುವರಿಯಿರಿ.

ಕಪ್ಪುಹಲಗೆ, ಕೊಪ್ಪಳ

ಮಕ್ಕಳು ಇನ್ನೊಂದು ಕೇಳುತ್ತಿದ್ದಾರೆ. ನಕ್ಷೆಯಲ್ಲಿ ಒಂದು ಕಡೆ ಬಣ್ಣವೇ ಇಲ್ಲದ ಬಿಳಿಯ ತೇಪೆ ಇದೆ, ಅದೇನು? ಮತ್ತೆ, ಈ ನಕ್ಷೆಗೆ ಬಳಸಿದ ಉಪಕರಣ ಕ್ಯಾಮೆರಾ ಅಲ್ಲವಂತೆ, ಹಾಗಿದ್ದರೆ ಚಿತ್ರ ಬಂದದ್ದು ಹೇಗೆ?

ಅರ್ಧ ಪಿಎಚ್‌ಡಿ, ಬಳ್ಳಾರಿ

ಬಿಳಿ ತೇಪೆ ಸೂರ್ಯನಿರುವ ಕಡೆ. ಐವತ್ತೇಳು ಖಗೋಳಮಾನ ದೂರದಿಂದಲೂ ಸೂರ್ಯನ ದಿಕ್ಕಿಗೆ ಆ ಉಪಕರಣದ ಕಣ್ಣನ್ನು ತಿರುಗಿಸುವಂತಿಲ್ಲ. ಆಕಾಶದ ಬಹುಪಾಲನ್ನು ನೋಡಿದರು, ಪೂರ್ತಿಯನ್ನಲ್ಲ.

ಉಪಕರಣದ ಹೆಸರು ಆಲಿಸ್. ಅದೊಂದು ರೋಹಿತಲೇಖಿ, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುವ ಸಾಧನ, ತೂಕ ಐದು ಕಿಲೋದೊಳಗೆ, ವಿದ್ಯುತ್ ಬಳಕೆ ನಮ್ಮ ಮನೆಯ ರಾತ್ರಿ ದೀಪದಷ್ಟು. ಅದರ ಬೆಳಕಿನ ಸೀಳು ನಾಲ್ಕು ಡಿಗ್ರಿ ಉದ್ದ, ಒಂದು ಡಿಗ್ರಿಯ ಹತ್ತನೆಯ ಒಂದು ಭಾಗ ಅಗಲ, ತುದಿಯಲ್ಲಿ ಎರಡು ಡಿಗ್ರಿಯ ಚೌಕ. ಒಟ್ಟಾರೆ ಸೌಟಿನ ಆಕಾರ. ನೌಕೆ ತನ್ನ ಅಕ್ಷದ ಸುತ್ತ ನಿಧಾನವಾಗಿ ತಿರುಗಿದಾಗ ಸೀಳು ಆಕಾಶದ ಮೇಲೆ ಒಂದು ಪಟ್ಟಿಯನ್ನು ಗುಡಿಸುತ್ತದೆ. ಅಕ್ಷವನ್ನು ಸ್ವಲ್ಪ ವಾಲಿಸಿ ಮತ್ತೆ ತಿರುಗಿದರೆ ಪಕ್ಕದ ಪಟ್ಟಿ. ಪಟ್ಟಿಗೆ ಪಟ್ಟಿ ಹೊಂದಿಸಿ ಹೊಲಿದದ್ದೇ ಈ ನಕ್ಷೆ. ನಿಮ್ಮ ಮನೆಗಳಲ್ಲಿ ಕೌದಿ ಹೊಲಿಯುವವರಿದ್ದರೆ ಮಕ್ಕಳಿಗೆ ಬೇರೆ ವಿವರಣೆ ಬೇಡ. ಹೊಲಿದ ಮೇಲೆ ಸೂರ್ಯನ ಪಾಲೆಷ್ಟು ಎಂದು ಮಾದರಿಯಿಂದ ಲೆಕ್ಕ ಹಾಕಿ ಕಳೆದಿದ್ದಾರೆ. ಆ ದೂರದಲ್ಲಿ ಸೂರ್ಯನ ಪಾಲು ಮತ್ತು ಹೊರಗಿನ ಪಾಲು ಹತ್ತಿರ ಹತ್ತಿರ ಸಮ. ಅಲ್ಲಿಂದ ಒಂದು ಸಂಕೇತ ನಮ್ಮನ್ನು ತಲುಪಲು ಸುಮಾರು ಎಂಟು ಗಂಟೆ ಬೇಕು.

ಸಂಡೂರಿನ ಸವಾರ

ಬಣ್ಣಗಳು ನಿಜವೇ? ಪತ್ರಿಕೆಯಲ್ಲಿ ನೇರಳೆ, ಹಳದಿ ಎಲ್ಲ ಇತ್ತು.

ನಿವೃತ್ತ ಮೇಷ್ಟ್ರು, ಲಿಂಗಸುಗೂರು

ಬಣ್ಣ ಹಚ್ಚಿದ್ದು ಮನುಷ್ಯರು. ಕಣ್ಣಿಗೆ ಕಾಣುವ ಬೆಳಕು ಶುರುವಾಗುವುದೇ ಸುಮಾರು 400 ನ್ಯಾನೊಮೀಟರಿನಿಂದ. 121.6ಕ್ಕೆ ಬಣ್ಣದ ಹೆಸರೇ ಇಲ್ಲ.

ಗುಡ್ಡದ ಕೆಳಗಿನವ, ಬಳ್ಳಾರಿ

ಇಲ್ಲಿಯವರೆಗೆ ಯಾರೂ ಜಲಜನಕದ ಗೋಡೆಯ ವಿಷಯ ಎತ್ತಲಿಲ್ಲ. ಸೌರಮಂಡಲದ ಮುಂಭಾಗದಲ್ಲಿ, ಹೊರಗಿನ ಅನಿಲ ನಮಗೆ ಎದುರಾಗುವ ಕಡೆ, ಜಲಜನಕ ನೂಕುನುಗ್ಗಲಾಗಿ ಒಂದು ಗೋಡೆಯಂತೆ ಕೂಡಿಕೊಂಡಿದೆ ಎಂದೂ, ನ್ಯೂ ಹೊರೈಜನ್ಸ್ ಅದನ್ನು ಕಂಡುಹಿಡಿಯಿತೆಂದೂ 2018ರಲ್ಲಿ ಎಲ್ಲ ಕಡೆ ಬಂದಿತ್ತು. ಈಗ ನೋಡಿದರೆ ಗೋಡೆಯೇ ಇಲ್ಲವೆನ್ನುತ್ತಿದ್ದಾರೆ. ಯಾವುದನ್ನು ನಂಬುವುದು?

ಬೆಳಕಿಂಡಿ, ರಾಯಚೂರು

ಎರಡೂ ವಾಕ್ಯಗಳಲ್ಲಿ ಒಂದೊಂದು ಪದ ಹೆಚ್ಚಾಗಿದೆ. 2018ರಲ್ಲಿ ಗ್ಲ್ಯಾಡ್‌ಸ್ಟನ್ ತಂಡದವರು ಹೇಳಿದ್ದು, ಉಳಿದ 40 ರೇಲೀ ಆ ಗೋಡೆಯ ಗುರುತಾಗಿರಬಹುದು, ಅಥವಾ ಇನ್ನೂ ದೂರದ ಹಿನ್ನೆಲೆಯಾಗಿರಬಹುದು ಎಂದು. ಪತ್ರಿಕೆಗಳು ಎರಡನೆಯ ಅರ್ಧವನ್ನು ಕತ್ತರಿಸಿದವು. ಆಗ ಅವರ ಕೈಯಲ್ಲಿದ್ದದ್ದು ಆಕಾಶದ ಕೆಲವೇ ಪಟ್ಟಿಗಳು. ಪೂರ್ತಿ ನಕ್ಷೆ ಬೇಕೆನಿಸಿದ್ದೇ ಈ ಕಾರಣಕ್ಕೆ. ಗೋಡೆಯಾಗಿದ್ದರೆ ಬೆಳಕು ಮುಂಭಾಗದಲ್ಲಿ ಹೆಚ್ಚು, ಹಿಂಭಾಗದಲ್ಲಿ ಕಡಿಮೆ ಇರಬೇಕು. ಆ ಮುಂಭಾಗವಿರುವುದು ಆಕಾಶದಲ್ಲಿ ಜ್ಯೇಷ್ಠಾ ನಕ್ಷತ್ರದಿಂದ ಸ್ವಲ್ಪ ಉತ್ತರಕ್ಕೆ. ಜನವರಿಯ ನಸುಕಿನಲ್ಲಿ ಎದ್ದು ಆಗ್ನೇಯಕ್ಕೆ ನೋಡಿದರೆ ಕೆಂಪಗೆ ಕಾಣುವ ಚುಕ್ಕಿಯೇ ಜ್ಯೇಷ್ಠಾ. 2023ರ ನಕ್ಷೆಯಲ್ಲಿ, ಸೂರ್ಯನ ಪಾಲು ಕಳೆದ ಮೇಲೆ, ಅತ್ತ ಹೆಚ್ಚಳ ಕಾಣಲಿಲ್ಲ. ಹತ್ತಿರದ ಅನಿಲ ಮೋಡಗಳ ಆಕಾರವೂ ಕಾಣಲಿಲ್ಲ. ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ಸಮ.

ಗೋಡೆ ಇದೆಯೆಂಬುದಕ್ಕೆ ಬೇರೆಯೇ ಸಾಕ್ಷಿಯಿದೆ. 1990ರ ದಶಕದಲ್ಲಿ ಹಬಲ್ ದೂರದರ್ಶಕದ ರೋಹಿತಗಳಲ್ಲಿ, ಆಲ್ಫಾ ಸೆಂಟಾರಿಯ ಬೆಳಕನ್ನು ದಾರಿಯಲ್ಲಿ ಹೀರಿದ ಜಲಜನಕವಾಗಿ ಅದು ಸಿಕ್ಕಿತ್ತು. ಈಗ ಬಿದ್ದುಹೋದದ್ದು ಈ 50 ರೇಲೀ ಬೆಳಕಿಗೆ ಗೋಡೆಯೇ ಕಾರಣ ಎಂಬ ಊಹೆ. ಗೋಡೆ ಬಿದ್ದಿಲ್ಲ.

ಸುಮ್ಮನೆ ಓದುವವ, ಮಾನ್ವಿ

ಹಾಗಾದರೆ ನಕ್ಷೆಯಲ್ಲಿ ಕಂಡದ್ದು ಏನೂ ಇಲ್ಲ! ಮಕ್ಕಳು ಒಂದೇ ಬಣ್ಣ ಬಳಿದು ನಿಲ್ಲಿಸಿದರೆ ಆಯಿತು.

ಅರ್ಧ ಪಿಎಚ್‌ಡಿ, ಬಳ್ಳಾರಿ

ತಮಾಷೆಗೆ ಹೇಳಿದಿರಿ, ಆದರೆ ಅದೇ ಫಲಿತಾಂಶ. ಏರುಪೇರು ಇದ್ದಿದ್ದರೆ ಹತ್ತಿರದ ಯಾವುದೋ ವಸ್ತುವನ್ನು ಹೊಣೆ ಮಾಡಬಹುದಿತ್ತು. ಇಲ್ಲದಿರುವುದರಿಂದ ನಮ್ಮನ್ನು ಸುತ್ತಲೂ ಆವರಿಸಿದ ಏನೋ ಒಂದನ್ನು ಹುಡುಕಬೇಕಾಯಿತು.

ಬೆಳಕಿಂಡಿ, ರಾಯಚೂರು

ಆ "ಏನೋ ಒಂದು" ಯಾವುದೆಂದು ಅವರ ಊಹೆಯನ್ನು ಹೇಳುತ್ತೇನೆ, ನನ್ನ ಅಡ್ಡಹೆಸರಿನ ಋಣ ತೀರಿಸಿದಂತಾಗುತ್ತದೆ. ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ನಡುಮನೆಗೆ ಕಿಟಕಿಯಿರುವುದಿಲ್ಲ, ಮೇಲ್ಛಾವಣಿಯಲ್ಲಿ ಅಂಗೈ ಅಗಲದ ಬೆಳಕಿಂಡಿ ಒಂದಿರುತ್ತದೆ. ಮಧ್ಯಾಹ್ನ ಅದರಿಂದ ಒಂದು ಕೋಲಿನಂತೆ ಬಿಸಿಲು ನೆಲಕ್ಕೆ ಬೀಳುತ್ತದೆ. ಅಜ್ಜಿಯ ಮನೆಯಲ್ಲಿ ನಾನು ಚಾಪೆಯ ಮೇಲೆ ಮಲಗಿ ಆ ಕೋಲಿನಲ್ಲಿ ತೇಲುವ ಹಿಟ್ಟಿನ ಕಣಗಳನ್ನು ನೋಡುತ್ತಿದ್ದೆ. ಆದರೆ ಕೋಣೆಯಲ್ಲಿ ಪುಸ್ತಕ ಓದುವಷ್ಟು ಬೆಳಕು ಬರುತ್ತಿದ್ದದ್ದು ಕೋಲಿನಿಂದಲ್ಲ, ಸುಣ್ಣ ಬಳಿದ ಗೋಡೆಗಳಿಂದ. ಯಾವ ಮೂಲೆಯಲ್ಲಿ ಕೂತರೂ ಒಂದೇ ಹದ.

ಸೂರ್ಯ ಮತ್ತು ಅದರ ನೆರೆಯ ನಕ್ಷತ್ರಗಳು ಇರುವುದು ಸುಮಾರು ಸಾವಿರ ಜ್ಯೋತಿರ್ವರ್ಷ ಅಗಲದ ಒಂದು ಪೊಳ್ಳಿನಲ್ಲಿ. ಹಿಂದೆಂದೋ ಸಿಡಿದ ಸೂಪರ್‌ನೋವಾಗಳು ಅನಿಲವನ್ನು ಗುಡಿಸಿ ಅಂಚಿಗೆ ತಳ್ಳಿದವು. ಒಳಗೆ ಹತ್ತು ಲಕ್ಷ ಡಿಗ್ರಿಯ ತೀರಾ ತೆಳುವಾದ ಅನಿಲ, ಸುತ್ತ ದಟ್ಟ ಜಲಜನಕದ ಗೋಡೆ. ಪೊಳ್ಳಿನೊಳಗಿನ ಎಳೆಯ, ಬಿಸಿ ನಕ್ಷತ್ರಗಳ ಬೆಳಕಿನಲ್ಲಿ 91.2 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಫೋಟಾನುಗಳಿರುತ್ತವೆ. ಅವು ಗೋಡೆಯ ಜಲಜನಕದಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುತ್ತವೆ. ಎಲೆಕ್ಟ್ರಾನ್ ಮತ್ತೆ ಕೂಡಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ ಸುಮಾರು ಮೂರರಲ್ಲಿ ಎರಡು ಬಾರಿ ಕೊನೆಯ ಮೆಟ್ಟಿಲಿನಲ್ಲಿ ಲೈಮನ್ ಆಲ್ಫಾ ಹೊರಡುತ್ತದೆ. ಆ ಫೋಟಾನ್ ಜಲಜನಕದಿಂದ ಜಲಜನಕಕ್ಕೆ ಹಾರುತ್ತಾ, ಎಲ್ಲಿಂದ ಹೊರಟಿತೆಂಬುದೇ ಮರೆತುಹೋಗುವಷ್ಟು ಸಲ ಚದುರುತ್ತದೆ. ಹೀಗಾಗಿ ಎಲ್ಲ ದಿಕ್ಕಿನಿಂದಲೂ ಒಂದೇ ಸಮನಾದ ಬೆಳಕು.

ನಿವೃತ್ತ ಮೇಷ್ಟ್ರು, ಲಿಂಗಸುಗೂರು

ಬಹಳ ಚೆನ್ನಾಗಿ ಹೇಳಿದಿರಿ. ಒಂದೇ ಸೇರಿಸುತ್ತೇನೆ. ನಮ್ಮ ಸುತ್ತಲ ಜಲಜನಕವನ್ನು ಹೀಗೆ ಒಡೆಯುವ ನಕ್ಷತ್ರಗಳಲ್ಲಿ ಮುಖ್ಯವಾದ ಎರಡನ್ನು ಮಕ್ಕಳು ಬರಿಗಣ್ಣಿನಿಂದಲೇ ನೋಡಬಹುದು. ಜನವರಿಯಲ್ಲಿ ರಾತ್ರಿ ಒಂಬತ್ತೂವರೆಗೆ ಆಗ್ನೇಯದಲ್ಲಿ ಲುಬ್ಧಕ (ಸಿರಿಯಸ್) ಹೊಳೆಯುತ್ತಿರುತ್ತದೆ. ಅದರ ಬಲಕ್ಕಿರುವುದು ಮಿರ್ಜಾಮ್, ಕೆಳಗಿರುವುದು ಅಧಾರಾ. ಕಣ್ಣಿಗೆ ಲುಬ್ಧಕದ ಮುಂದೆ ಅವು ಸಪ್ಪೆ, ಏಕೆಂದರೆ ನಾನೂರು ಐನೂರು ಜ್ಯೋತಿರ್ವರ್ಷ ದೂರದಲ್ಲಿವೆ. ತೀವ್ರ ನೇರಳಾತೀತದಲ್ಲಿ ನೋಡುವ ಕಣ್ಣಿದ್ದರೆ ಅಧಾರಾಗಿಂತ ಪ್ರಖರವಾದ ನಕ್ಷತ್ರ ಆಕಾಶದಲ್ಲಿಯೇ ಇಲ್ಲ.

ಭತ್ತದ ಗದ್ದೆ, ಗಂಗಾವತಿ

ಇಷ್ಟು ಸಲೀಸಾಗಿ ಒಪ್ಪಬಾರದು. ಬೆಳಕಿಂಡಿಯವರು ಊಹೆಯೆಂದು ಒಮ್ಮೆ ಹೇಳಿ, ಆಮೇಲೆ ಇಡೀ ಪ್ಯಾರಾವನ್ನು ಕಣ್ಣಾರೆ ಕಂಡಂತೆ ಬರೆದಿದ್ದಾರೆ. ಗೋಡೆ, ಪೊಳ್ಳು, ನಕ್ಷತ್ರ ಇವೆಲ್ಲ ಇವೆ ಎಂಬುದು ಸರಿ. 50 ರೇಲೀ ಅಲ್ಲಿಂದಲೇ ಬಂತೆಂದು ಸಾಬೀತಾಗಿದೆಯೇ?

ಅರ್ಧ ಪಿಎಚ್‌ಡಿ, ಬಳ್ಳಾರಿ

ಆಗಿಲ್ಲ. ಮೂರು ಆಯಾಮದ ಲೆಕ್ಕದಿಂದ ಪರೀಕ್ಷಿಸಬೇಕು ಎಂದು ಅವರೇ ಬರೆದಿದ್ದಾರೆ. ಇನ್ನೂ ದೊಡ್ಡ ಕೊರತೆಯೆಂದರೆ ಆಲಿಸ್‌ಗೆ ರೇಖೆ ಇದೆಯೆಂದು ಗೊತ್ತಾಗುತ್ತದೆ, ರೇಖೆಯ ಆಕಾರ ಕಾಣುವುದಿಲ್ಲ. ನೀವೇ ಮೊದಲು ಎತ್ತಿದ ರೈಲಿನ ಸಿಳ್ಳೆ ಇಲ್ಲಿಗೆ ಮತ್ತೆ ಬರುತ್ತದೆ. ಸೂರ್ಯನ ಕಡೆಯಿಂದ ಚದುರಿದ ಬೆಳಕಿಗೂ ದೂರದ ಗೋಡೆಯಿಂದ ಬಂದದ್ದಕ್ಕೂ ಸ್ವರದಲ್ಲಿ ಚೂರು ಭೇದವಿರುತ್ತದೆ. ಅದನ್ನು ಬಿಡಿಸುವಷ್ಟು ಸೂಕ್ಷ್ಮವಾದ ಉಪಕರಣವೊಂದು ಅಷ್ಟು ದೂರ ಹೋದರೆ ಕಳೆಯುವ ಲೆಕ್ಕದ ಹಂಗೇ ಬೇಡ, ಎರಡನ್ನೂ ಬೇರೆ ಬೇರೆಯಾಗಿ ಓದಬಹುದು. ಸದ್ಯಕ್ಕೆ ಅವರ ಆಸೆ ಇಷ್ಟೇ, ಸಂಪನ್ಮೂಲ ಸಿಕ್ಕರೆ ಇದೇ ನಕ್ಷೆಯನ್ನು ಇನ್ನೊಮ್ಮೆ ಮಾಡಿ ಎರಡನ್ನೂ ಕೂಡಿಸಿ ಇನ್ನಷ್ಟು ಸ್ಪಷ್ಟವಾಗಿ ನೋಡುವುದು.

ಭತ್ತದ ಗದ್ದೆ, ಗಂಗಾವತಿ

ಈಗ ಸರಿಹೋಯಿತು. ಭಿತ್ತಿಪತ್ರದಲ್ಲಿ "ಬಹುಶಃ" ಎಂಬ ಪದವನ್ನು ಕಡ್ಡಾಯವಾಗಿ ಬರೆಸಿ.

ಸಂಡೂರಿನ ಸವಾರ

ನನ್ನ ಧೂಳಿನ ಹೋಲಿಕೆಯನ್ನೂ ಒಂದು ಮೂಲೆಯಲ್ಲಿ ಬರೆಸಿದರೆ ಸಂತೋಷ. ಮೇಷ್ಟ್ರ ತಿದ್ದುಪಡಿಯ ಸಮೇತ.

ಕಪ್ಪುಹಲಗೆ, ಕೊಪ್ಪಳ

ಎಲ್ಲರಿಗೂ ಧನ್ಯವಾದ. ನಿನ್ನೆ ಪ್ರದರ್ಶನ ಮುಗಿಯಿತು. ಶೀರ್ಷಿಕೆಯನ್ನು "ಸೂರ್ಯನ ಅಂಗಳದಿಂದ ಕಂಡ ನಕ್ಷತ್ರಗಳ ನಡುವಿನ ಜಲಜನಕ" ಎಂದು ಬದಲಾಯಿಸಿದೆವು. ಧೂಳು, ತಂಬೂರಿ, ಕೌದಿ ಮೂರೂ ಸೇರಿದವು. "ಬಹುಶಃ" ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದರು. ನೋಡಲು ಬಂದ ತಾಯಂದಿರು ಹೆಚ್ಚು ಹೊತ್ತು ನಿಂತದ್ದು ಕೌದಿಯ ಮುಂದೆ.

ಒಂದು ಎಡವಟ್ಟಾಯಿತು. ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಲು ಕೊಟ್ಟಿದ್ದ ಅಂಗಡಿಯವರು ಆ ಬಿಳಿ ತೇಪೆಯನ್ನು ಕಂಡು ಕಡತ ಕೆಟ್ಟಿದೆಯೆಂದು ತಿಳಿದು, ನಮಗೆ ಉಪಕಾರ ಮಾಡುವ ಮನಸ್ಸಿನಿಂದಲೇ, ಸುತ್ತಲಿನ ಬಣ್ಣವನ್ನು ಅದರ ಮೇಲೂ ತುಂಬಿಕೊಟ್ಟಿದ್ದರು. ಆಕಾಶ ಎಲ್ಲೂ ಹರಿಯದೆ ಬಲು ಅಂದವಾಗಿ ಕಾಣುತ್ತಿತ್ತು. ನಾನು ಹೋಗಲಿ ಬಿಡಿ ಎಂದೆ. ಮೊದಲು ಪ್ರಶ್ನೆ ಕೇಳಿದ್ದ ಹುಡುಗಿ ಒಪ್ಪಲಿಲ್ಲ. ನೋಟ್‌ಬುಕ್ಕಿನಿಂದ ಗೆರೆಯಿಲ್ಲದ ಹಾಳೆಯೊಂದನ್ನು ಹರಿದು, ಅಂದಾಜಿನಲ್ಲಿ ಕತ್ತರಿಸಿ, ಸೂರ್ಯನಿದ್ದ ಕಡೆ ಅಂಟಿಸಿ, ಅದರ ಮೇಲೆ ಪೆನ್ಸಿಲಿನಿಂದ "ನೋಡಿಲ್ಲ" ಎಂದು ಬರೆದಳು. ಅವಸರದಲ್ಲಿ ಹಾಳೆ ಸ್ವಲ್ಪ ಓರೆಯಾಗಿ ಅಂಟಿಕೊಂಡಿದೆ.